ಅಗ್ನಿಶಾಮಕ ಠಾಣೆಗೆ ಬಿಡಾರವೆಲ್ಲಿ?

ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸಹೊರಟವರು ಮೊದಲು ಬಾಡಿಗೆಯ ಮನೆಯೊಂದನ್ನು ಹುಡುಕುತ್ತಾರೆ. ಅದು ಇಕ್ಕಟ್ಟಾಗಿದ್ದರೂ ಸರಿ, ಪೇಟೆಗೆ ದೂರವಾಗಿದ್ದರೂ ಸರಿ. ‘ಒಂದೆರಡು ವರ್ಷದ ಮಾತಲ್ಲವೆ?’ ಎಂದು ಸಮಾಧಾನ ತಂದುಕೊಳ್ಳುತ್ತಾರೆ. ಅಂಚೆ ಕಚೇರಿ, ಗ್ರಂಥಾಲಯಗಳ ವಿಷಯದಲ್ಲಿಯೂ ಈ ಸಮಾಧಾನ ನಡೆಯುತ್ತದೆ. ಓದುಗನು ಅರ್ಧ ಮೈಲಿ ಹೆಚ್ಚು ನಡೆದುದರಿಂದ ಪುಸ್ತಕವೇನೂ ಹಾಳಾಗದು. ಆದರೆ ಅಗ್ನಿಶಾಮಕ ಠಾಣೆಯ ಕಟ್ಟಡವೇ ಹಳತಾಗಿ, ಅದನ್ನು ಕೆಡವಿ ಕಟ್ಟುವ ಸಂದರ್ಭ ಬಂದಾಗ, ಅಲ್ಲಿಯ ವಾಹನಗಳೂ ಸಿಬ್ಬಂದಿಯೂ ಎಲ್ಲಿ ಬಿಡಾರ ಮಾಡಬೇಕು? ಈ ಪ್ರಶ್ನೆಯನ್ನು ನಾವು ಬಾಡಿಗೆಮನೆಯ ಪ್ರಶ್ನೆಯಂತೆಯೇ ಬಿಡಿಸಹೊರಡುತ್ತೇವೆ. ಅದು ತಪ್ಪೆಂದು ತೋರಿಸುವುದು ಈ ಲೇಖನದ ಉದ್ದೇಶ.

ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. ನಮ್ಮ ರಾಜ್ಯದ ಅಗ್ನಿಶಾಮಕ ದಳಕ್ಕೆ ಈಗಿನ ಶಾಸನರೂಪ ದೊರೆತದ್ದು 1964ರ ಕಾಯಿದೆಯಿಂದ. ಅಂದಿನಿಂದ ಊರೂರುಗಳಲ್ಲಿ ಎದ್ದ ಠಾಣೆಗಳಲ್ಲಿ ಕೆಲವು ಈಗ ಮುಪ್ಪಿನವು. ಅವು ಕಟ್ಟಲ್ಪಟ್ಟ ಕಾಲದಲ್ಲಿ ವಾಹನಗಳು ಚಿಕ್ಕವು, ಊರೂ ಚಿಕ್ಕದು. ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆಗೂ ಆಧುನೀಕರಣಕ್ಕೂ ಕೇಂದ್ರ ಸರಕಾರವು 2023ರಲ್ಲಿ 5,000 ಕೋಟಿ ರೂಪಾಯಿಗಳ ಯೋಜನೆಯೊಂದನ್ನು ಆರಂಭಿಸಿದೆ. ಹಣ ಬಂದಲ್ಲಿ ಹೊಸ ಕಟ್ಟಡ ಬರುವುದು ಸಹಜ. ಹೊಸದು ಹಳೆಯದರ ಜಾಗದಲ್ಲಿಯೇ ಏಳಬೇಕಾದರೆ ನಡುವಣ ಕಾಲಕ್ಕೆ ಬಿಡಾರ ಬೇಕಾಗುವುದೂ ಅಷ್ಟೇ ಸಹಜ. ಸಾಮಾನ್ಯವಾಗಿ ಆಗ ಕೇಳುವ ಪ್ರಶ್ನೆ ‘ಸರಕಾರಿ ಜಾಗ ಎಲ್ಲಿ ಖಾಲಿ ಇದೆ?’ ಎಂಬುದು. ಕೇಳಬೇಕಾದದ್ದು ‘ಅಲ್ಲಿಂದ ಹೊರಟ ವಾಹನ ಎಷ್ಟು ನಿಮಿಷದಲ್ಲಿ ಎಲ್ಲಿಗೆ ತಲಪುತ್ತದೆ?’ ಎಂಬುದು.

ನಾನು ಚಿಕ್ಕವನಾಗಿದ್ದಾಗ ಕಾಪುವಿನ ಕಡೆಯ ನಮ್ಮ ಹಳ್ಳಿಮನೆಯ ಅಂಗಳದಂಚಿನಲ್ಲಿ ಬೈಹುಲ್ಲಿನ ಕುತ್ತರಿಯೊಂದಕ್ಕೆ ಬೆಂಕಿ ಹತ್ತಿಕೊಂಡಿತ್ತು. ಅಜ್ಜ, ಮಾವಂದಿರು, ನೆರೆಯವರು ಎಲ್ಲರೂ ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ಎರಚಿದರು. ಮೊದಲು ಒಂದು ಮಗ್ಗುಲಷ್ಟೇ ಹೊಗೆಯಾಡುತ್ತಿದ್ದುದು, ಅಜ್ಜಿ ಹಟ್ಟಿಯ ದನಗಳ ಹಗ್ಗ ಬಿಚ್ಚಿ ಬರುವಷ್ಟರಲ್ಲಿ ತೆಂಗಿನ ಮರದ ಮಡಲಿನವರೆಗೆ ನಾಲಗೆ ಚಾಚಿತ್ತು. ಅಗ್ನಿಶಾಮಕ ವಾಹನ ಬಂದಿತು; ಬಂದವರು ಹಟ್ಟಿಯನ್ನೂ ಮನೆಯನ್ನೂ ಉಳಿಸಿದರು. ಕುತ್ತರಿ ಉಳಿಯಲಿಲ್ಲ. ಅವರು ತಡಮಾಡಿದರೆಂದು ಯಾರೂ ದೂರಲಿಲ್ಲ. ದಾರಿಯೇ ಅಷ್ಟು ದೂರದ್ದಾಗಿತ್ತು. ಭೌತಶಾಸ್ತ್ರವನ್ನು ಕಲಿಸತೊಡಗಿದ ಮೇಲೆ ನನಗೆ ಆ ದಿನದ ಲೆಕ್ಕ ಮತ್ತೆ ಮತ್ತೆ ನೆನಪಾಗುತ್ತದೆ.

ಬೆಂಕಿ ಬೆಳೆಯುವ ರೀತಿಯೇ ಈ ಲೆಕ್ಕದ ಬುಡ. ಎತ್ತರದಿಂದ ಬಿಟ್ಟ ಕಲ್ಲು ಕ್ರಮಿಸುವ ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿರುವುದೆಂದು ನೀವು ಓದಿದ್ದೀರಷ್ಟೆ. ಬೆಂಕಿಯ ಆರಂಭದ ಹಂತದಲ್ಲಿ ಅದು ಸೆಕೆಂಡಿಗೆ ಹೊರಸೂಸುವ ಶಾಖವೂ ಸುಮಾರಾಗಿ ಹೀಗೆಯೇ, ಕಾಲದ ವರ್ಗದಂತೆ, ಏರುತ್ತದೆ. ಉರಿಯು ಹಬ್ಬುವುದು ಒಂದು ಗೆರೆಯಲ್ಲಿ ಅಲ್ಲ, ಎಲ್ಲ ದಿಕ್ಕಿಗೂ. ತ್ರಿಜ್ಯ ಎರಡರಷ್ಟಾದರೆ ಉರಿಯುವ ನೆಲ ನಾಲ್ಕರಷ್ಟಾಗುತ್ತದೆ. ಅಗ್ನಿಶಾಸ್ತ್ರಜ್ಞರು ಬೆಂಕಿಗಳನ್ನು ನಿಧಾನ, ಮಧ್ಯಮ, ಶೀಘ್ರ, ಅತಿಶೀಘ್ರವೆಂದು ವಿಂಗಡಿಸಿದ್ದಾರೆ. 1,055 ಕಿಲೋವ್ಯಾಟಿನ ಮಟ್ಟವನ್ನು ಮುಟ್ಟಲು ಇವು ಅನುಕ್ರಮವಾಗಿ 600, 300, 150 ಮತ್ತು 75 ಸೆಕೆಂಡುಗಳನ್ನು ತೆಗೆದುಕೊಳ್ಳುತ್ತವೆ ಎಂಬುದು ಆ ವಿಂಗಡಣೆಯ ಆಧಾರ. ಮಧ್ಯಮ ಬೆಂಕಿಯೊಂದು 5 ನಿಮಿಷದಲ್ಲಿ ಸುಮಾರು 1 ಮೆಗಾವ್ಯಾಟ್ ಆದರೆ 10 ನಿಮಿಷದಲ್ಲಿ 4 ಮೆಗಾವ್ಯಾಟಿಗೂ ಮೀರುತ್ತದೆ. ಮುಚ್ಚಿದ ಕೋಣೆಯಲ್ಲಿ ಇದು ಹೀಗೆಯೇ ಸಾಗದು. ಮಾಡಿನಡಿಯಲ್ಲಿ ಸೇರಿದ ಬಿಸಿ ಹೊಗೆಯ ಉಷ್ಣತೆ 600 ಡಿಗ್ರಿ ಸೆಲ್ಸಿಯಸ್ಸಿನ ಸುತ್ತ ಏರಿದಾಗ ಕೋಣೆಯ ಸಾಮಾನೆಲ್ಲ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಅದರ ನಂತರ ಆ ಕೋಣೆಯಲ್ಲಿ ಉಳಿಸಬೇಕಾದ ಜೀವವೇ ಇರುವುದಿಲ್ಲ. ಅಗ್ನಿಶಾಮಕರ ಓಟ ನಡೆಯುವುದು ಈ ಕ್ಷಣದೊಡನೆ.

ಈಗ ಠಾಣೆಯ ಸ್ಥಾನಕ್ಕೆ ಬರೋಣ. ಎಂಟು ಕಿಲೋಮೀಟರ್ ಬದಿಯುಳ್ಳ ಚೌಕಾಕಾರದ ಊರೊಂದನ್ನು ಊಹಿಸಿಕೊಳ್ಳಿ. ನಮ್ಮ ಉಡುಪಿ ನಗರಸಭೆಯ ವಿಸ್ತಾರ ಇದರಿಂದ ಬಹಳ ಬೇರೆಯೇನಲ್ಲ. ಠಾಣೆ ನಟ್ಟನಡುವೆ ಇದ್ದರೆ ಊರಿನ ಎಲ್ಲ ಬಿಂದುಗಳಿಗೂ ಅಲ್ಲಿಂದಿರುವ ನೇರ ದೂರದ ಸರಾಸರಿ ಸುಮಾರು 3 ಕಿಲೋಮೀಟರ್. ‘ಸದ್ಯಕ್ಕೆ ಅಲ್ಲಿರಲಿ’ ಎಂದು ಅದನ್ನು ಚೌಕದ ಒಂದು ಮೂಲೆಗೆ ಸಾಗಿಸಿದರೆ? ಕಲನಶಾಸ್ತ್ರದ ಗೊಡವೆಯಿಲ್ಲದೆಯೇ ಉತ್ತರ ಹೇಳಬಹುದು. ಚೌಕದ ನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ ಎಳೆದರೆ ನಾಲ್ಕು ಪುಟ್ಟ ಚೌಕಗಳಾಗುತ್ತವೆ. ನಡುವಿನ ಠಾಣೆಯು ಈ ಪ್ರತಿಯೊಂದು ಪುಟ್ಟ ಚೌಕಕ್ಕೂ ಮೂಲೆಯಲ್ಲಿರುವ ಠಾಣೆಯೇ. ದೊಡ್ಡ ಚೌಕವು ಪುಟ್ಟ ಚೌಕವನ್ನು ಎರಡರಷ್ಟು ಹಿಗ್ಗಿಸಿದ ರೂಪ. ಆದುದರಿಂದ ಅದರ ಮೂಲೆಯಿಂದ ಅಳೆದ ಸರಾಸರಿ ದೂರವೂ ಸರಿಯಾಗಿ ಎರಡರಷ್ಟು, ಅಂದರೆ ಸುಮಾರು 6 ಕಿಲೋಮೀಟರ್.

ವಾಹನದ ವೇಗ ಗಂಟೆಗೆ 30 ಕಿಲೋಮೀಟರೆಂದು ಹಿಡಿದರೆ ಮೊದಲ ಪಯಣಕ್ಕೆ 6 ನಿಮಿಷ, ಎರಡನೆಯದಕ್ಕೆ 12. ಬೆಂಕಿ ಕಂಡು ಕರೆ ಮಾಡುವುದಕ್ಕೂ ಸಿಬ್ಬಂದಿ ಹೊರಡುವುದಕ್ಕೂ ಸೇರಿ 3 ನಿಮಿಷ ಹೋಗಲಿ. ಮಧ್ಯಮ ಬೆಂಕಿಯು ತಡೆಯಿಲ್ಲದೆ ಬೆಳೆಯಿತೆಂದು ಇಟ್ಟುಕೊಂಡರೆ, 9ನೆಯ ನಿಮಿಷದಲ್ಲಿ ಅದು ಸುಮಾರು 3.4 ಮೆಗಾವ್ಯಾಟ್, 15ನೆಯ ನಿಮಿಷದಲ್ಲಿ 9.5. ಒಂದು ಲೀಟರ್ ನೀರು ಬಿಸಿಯಾಗಿ ಪೂರ್ತಿ ಆವಿಯಾಗಲು ಸುಮಾರು 2.6 ಮೆಗಾಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ. ಎರಚಿದ ನೀರಿನಲ್ಲಿ ಮೂರರಲ್ಲೊಂದು ಪಾಲು ಮಾತ್ರ ಹೀಗೆ ಆವಿಯಾಗಿ ಉಪಯೋಗಕ್ಕೆ ಬಂದಿತೆನ್ನೋಣ. ಆಗ 4,500 ಲೀಟರ್ ಹಿಡಿಯುವ ಜಲವಾಹನವು ಮೊದಲನೆಯ ಬೆಂಕಿಯೆದುರು ಸುಮಾರು 19 ನಿಮಿಷ ಹೋರಾಡಬಲ್ಲುದು. ಎರಡನೆಯದರೆದುರು ಏಳು ನಿಮಿಷದೊಳಗೆ ಅದರ ತೊಟ್ಟಿ ಬರಿದು. ವಾಹನ ಅದೇ, ನೀರು ಅದೇ, ದುಡಿಯುವ ಕೈಗಳೂ ಅವೇ. ಬದಲಾದದ್ದು ಬಿಡಾರದ ಜಾಗವೊಂದೇ.

ಹಾಗಾದರೆ ನಡುವೆಂಬುದು ಎಲ್ಲಿದೆ? ಕಳೆದ ವರ್ಷ ನನ್ನ ವಿದ್ಯಾರ್ಥಿಗಳೊಡನೆ ಇದನ್ನು ಕಂಡುಹಿಡಿಯಲು ಹಳೆಯ ಉಪಕರಣವೊಂದನ್ನು ಮಾಡಿ ನೋಡಿದೆ. ಫ್ರಾನ್ಸಿನ ಪಿಯೆರ್ ವಾರಿನ್ಯೋನ್ (1654–1722) ಎಂಬ ಗಣಿತಜ್ಞನ ಹೆಸರಿನಿಂದ ಕರೆಯುವ ಹಲಗೆಯಿದು. ಮಟ್ಟವಾಗಿ ಇರಿಸಿದ ಹಲಗೆಗೆ ಊರಿನ ನಕಾಶೆಯನ್ನು ಅಂಟಿಸಿ, ಮುಖ್ಯ ಜಾಗಗಳಲ್ಲಿ ತೂತು ಕೊರೆಯಬೇಕು. ಒಂದೊಂದು ತೂತಿನೊಳಗಿಂದಲೂ ಒಂದೊಂದು ದಾರವನ್ನು ಇಳಿಬಿಟ್ಟು, ಕೆಳಗಿನ ತುದಿಗೆ ಆ ಜಾಗದ ಅಗತ್ಯಕ್ಕೆ ತಕ್ಕ ತೂಕವನ್ನು ಕಟ್ಟಿ, ಮೇಲಿನ ತುದಿಗಳನ್ನೆಲ್ಲ ಒಂದೇ ಗಂಟಿಗೆ ಸೇರಿಸಬೇಕು. ಕೈಬಿಟ್ಟೊಡನೆ ಗಂಟು ಅತ್ತಿತ್ತ ಎಳೆದಾಡಿ ಒಂದೆಡೆ ನಿಲ್ಲುತ್ತದೆ. ತೂಕಗಳು ಒಟ್ಟಿನ ಮೇಲೆ ಸಾಧ್ಯವಿದ್ದಷ್ಟು ಕೆಳಗಿಳಿಯಲು ಹವಣಿಸುವುದರಿಂದ, ಹಲಗೆಯ ಮೇಲೆ ಉಳಿದ ದಾರದ ಉದ್ದವನ್ನು ತೂಕದಿಂದ ಗುಣಿಸಿ ಕೂಡಿದ ಮೊತ್ತ ಅಲ್ಲಿ ಅತಿ ಕಡಿಮೆ. ಅಂದರೆ ಒಟ್ಟು ಪಯಣ ಅತಿ ಕಡಿಮೆಯಾಗುವ ಜಾಗವನ್ನು ಗುರುತ್ವವೇ ಹುಡುಕಿಕೊಡುತ್ತದೆ. ಊರಿಗೆಲ್ಲ ಒಂದೇ ಠಾಣೆಯೆಂದು ಲೆಕ್ಕದ ಮಟ್ಟಿಗೆ ಒಪ್ಪಿಕೊಂಡೆವು. ನೆರೆಯ ಠಾಣೆಗಳ ನೆರವನ್ನು ಆಮೇಲೆ ಸೇರಿಸಿಕೊಳ್ಳಬಹುದು.

ತೂಕ ಎಷ್ಟೆಷ್ಟು ಎಂಬುದರ ಮೇಲೆ ತರಗತಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮಲ್ಪೆಯ ಬಂದರಿನಲ್ಲಿ ಒತ್ತೊತ್ತಾಗಿ ನಿಂತ ದೋಣಿಗಳೂ ಡೀಸೆಲೂ ಇವೆ. ಮಣಿಪಾಲದಲ್ಲಿ ಬಹುಮಹಡಿಯ ಕಟ್ಟಡಗಳೂ ದೊಡ್ಡ ಆಸ್ಪತ್ರೆಯೂ ಇವೆ. ರಥಬೀದಿಯ ಮಾತು ಬಂದಾಗ ಪರ್ಯಾಯದ ಜನಸಂದಣಿಯನ್ನೂ ಕಟ್ಟಿಗೆಯ ರಥವನ್ನೂ ನೆನೆದು ಎಲ್ಲರೂ ಅಲ್ಲಿಗೇ ಅತಿ ದೊಡ್ಡ ಬೊಟ್ಟನ್ನು ಕಟ್ಟಿದರು. ಪರಿಣಾಮ ನೋಡಬೇಕು! ಗಂಟು ಜಾರುತ್ತ ಹೋಗಿ ರಥಬೀದಿಯ ತೂತಿನಲ್ಲಿಯೇ ಸಿಕ್ಕಿಕೊಂಡಿತು. ಉಳಿದೆಲ್ಲ ಸೆಳೆತಗಳ ಒಟ್ಟು ಬಲಕ್ಕಿಂತ ಒಂದರ ತೂಕವೇ ಮಿಗಿಲಾದರೆ ಹೀಗಾಗುವುದು ಬಲಗಳ ಸಂಯೋಜನೆಯ ನಿಯಮ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ರಥಬೀದಿಯನ್ನು ಕಂಡವರಿಗೆ ಅಲ್ಲಿ ಜಲವಾಹನವೊಂದನ್ನು ನಿಲ್ಲಿಸುವ ಯೋಚನೆಯೇ ನಗೆ ತರಿಸುತ್ತದೆ.

ಎಲ್ಲರೂ ನಗುತ್ತಿರುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ನಮ್ಮ ಮನೆ ಪರ್ಕಳದ ಆಚೆ. ನಮಗೆ ಕಟ್ಟಿದ್ದು ಒಂದು ಚಿಕ್ಕ ಬೊಟ್ಟು. ನಮ್ಮ ಸೆಳೆತ ಗಂಟಿಗೆ ಗೊತ್ತೇ ಆಗಲಿಲ್ಲವಲ್ಲ?” ಎಂದಳು.

ಆ ದಿನದ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಮಾತು ಬರಲಿಲ್ಲ. ಒಟ್ಟು ಪಯಣವನ್ನು ಕಡಿಮೆ ಮಾಡುವುದು ಒಂದು ನ್ಯಾಯ. ಅತಿ ದೂರದವನ ಕಾಯುವಿಕೆಯನ್ನು ಕಡಿಮೆ ಮಾಡುವುದು ಇನ್ನೊಂದು ನ್ಯಾಯ. ಎರಡನೆಯದನ್ನು ರೇಖಾಗಣಿತದ ಭಾಷೆಯಲ್ಲಿ ಹೇಳುವುದಾದರೆ, ಊರಿನ ಎಲ್ಲ ಬಿಂದುಗಳನ್ನು ಒಳಗೊಳ್ಳುವ ಅತಿ ಚಿಕ್ಕ ವೃತ್ತದ ಕೇಂದ್ರವನ್ನು ಹುಡುಕಬೇಕು. ಈ ಸಮಸ್ಯೆಯನ್ನು ಇಂಗ್ಲೆಂಡಿನ ಗಣಿತಜ್ಞ ಸಿಲ್ವೆಸ್ಟರನು 1857ರಲ್ಲಿ ಒಂದೇ ವಾಕ್ಯದಲ್ಲಿ ಮುಂದಿಟ್ಟನು. ಎರಡು ನ್ಯಾಯಗಳು ಒಂದೇ ಬಿಂದುವನ್ನು ತೋರಿಸಬೇಕೆಂದಿಲ್ಲ. ಅಂಗಡಿಗೆ ಮೊದಲನೆಯದು ಸಾಕು. ಅಗ್ನಿಶಾಮಕ ಠಾಣೆಗೆ, ಅದೂ ತಾತ್ಕಾಲಿಕವಾದುದಕ್ಕೆ, ಎರಡನೆಯದನ್ನು ಮರೆಯುವುದು ಅನ್ಯಾಯವೆಂದು ನನ್ನ ಅಭಿಪ್ರಾಯ. ಕಟ್ಟಡ ಹೊಸದಾಗುವುದು ಇಡೀ ಊರಿನ ಲಾಭಕ್ಕೆ. ಆ ಎರಡು ವರ್ಷಗಳ ಅಪಾಯವನ್ನು ಒಂದು ಮೂಲೆಯವರ ತಲೆಗೆ ಮಾತ್ರ ಕಟ್ಟುವುದು ಹೇಗೆ ಸರಿಯಾದೀತು?

ದಾರದ ಗಂಟಿಗೆ ತಿಳಿಯದ ಸಂಗತಿಗಳು ಇನ್ನೂ ಹಲವು. ಕಲ್ಸಂಕದ ತಿರುವಿನಲ್ಲಿ ಸಂಜೆ ವಾಹನಗಳು ಹೇಗೆ ನಿಂತಿರುತ್ತವೆಂಬುದು ಅದಕ್ಕೆ ತಿಳಿಯದು. ಇಂದ್ರಾಳಿಯಲ್ಲಿ ರೈಲ್ವೆ ಹಳಿಯನ್ನು ದಾಟುವ ಸೇತುವೆಯ ಕೆಲಸ ವರ್ಷಗಟ್ಟಲೆ ಎಳೆದ ಕಾಲದಲ್ಲಿ ಉಡುಪಿ–ಮಣಿಪಾಲದ ದಾರಿಯಲ್ಲಿ ಎಷ್ಟು ಕಾಯಬೇಕಾಗುತ್ತಿತ್ತೆಂಬುದನ್ನು ನಾವು ಬಲ್ಲೆವು. ನಕಾಶೆಯ ಮೇಲೆ ಮಾತ್ರ ಆ ದೂರ ಒಂದಿಂಚೂ ಬದಲಾಗಿರಲಿಲ್ಲ. ಏರಿಳಿತವೂ ಹಾಗೆಯೇ. ನೀರು ತುಂಬಿದ ವಾಹನದ ಒಟ್ಟು ತೂಕ 14 ಟನ್ನೆಂದೂ ಅದು 60 ಮೀಟರ್ ಎತ್ತರದ ಗುಡ್ಡವನ್ನೇರಬೇಕೆಂದೂ ಇಟ್ಟುಕೊಳ್ಳಿ. ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ 8 ಮೆಗಾಜೂಲಿಗೂ ಮಿಗಿಲು. 100 ಕಿಲೋವ್ಯಾಟ್ ಸಾಮರ್ಥ್ಯದ ಎಂಜಿನು ತನ್ನ ಬಲವನ್ನೆಲ್ಲ ಏರುವುದಕ್ಕೇ ವ್ಯಯಿಸಿದರೂ 80 ಸೆಕೆಂಡು ಬೇಕು; ಘರ್ಷಣೆಯ ಲೆಕ್ಕ ಬೇರೆ. ಇಳಿಯುವಾಗ ಈ ಕಂದಾಯವಿಲ್ಲ. ಹೀಗೆ ‘ಇಲ್ಲಿಂದ ಅಲ್ಲಿಗೆ’ ಬೇರೆ, ‘ಅಲ್ಲಿಂದ ಇಲ್ಲಿಗೆ’ ಬೇರೆ. ಗುಡ್ಡ ಮತ್ತು ಬಯಲು ಎರಡೂ ಇರುವ ನಮ್ಮಂಥ ಊರುಗಳಲ್ಲಿ ಮೇಲಿನ ಜಾಗಕ್ಕೆ ಇರುವ ಅನುಕೂಲ ಇದು.

ನೀರು ಆರಿಸುವವರಿಗೂ ನೀರಿನ ಭಯ ಇದ್ದೇ ಇದೆ. 2020ನೆಯ ಸಪ್ಟೆಂಬರ್ 20ರ ಭಾನುವಾರ ಸುರಿದ ಮಳೆಗೆ ಉಡುಪಿಯ ತಗ್ಗು ಭಾಗಗಳೆಲ್ಲ ಮುಳುಗಿದುವು. ಕಲ್ಸಂಕದ ತೋಡು ಉಕ್ಕಿ ಹರಿಯಿತು. ನಾನಿರುವ ಬನ್ನಂಜೆಯಲ್ಲಿಯೂ ಮನೆಗಳಿಗೆ ನೀರು ನುಗ್ಗಿತು. ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾದ ಅಂಥ ದಿನ ಅಗ್ನಿಶಾಮಕ ದಳದವರಿಗೆ ಬೆಂಕಿಯ ದಿನಕ್ಕಿಂತಲೂ ಹೆಚ್ಚಿನ ಕೆಲಸ. ಖಾಲಿಯಾಗಿದೆಯೆಂಬ ಒಂದೇ ಕಾರಣಕ್ಕೆ ತಗ್ಗಿನ ಗದ್ದೆಬಯಲೊಂದರಲ್ಲಿ ಅವರ ಬಿಡಾರವಿದ್ದರೆ ಮೊದಲು ರಕ್ಷಿಸಬೇಕಾಗುವುದು ಅವರನ್ನೇ. ಊರಿನಲ್ಲಿ ಒಂದು ಜಾಗ ಇಷ್ಟು ಕಾಲ ಖಾಲಿ ಉಳಿದಿದ್ದರೆ ಅದಕ್ಕೊಂದು ಕಾರಣ ಇರುವುದುಂಟು. ಆ ಕಾರಣ ಏನೆಂದು ಆಷಾಢದಲ್ಲಿ ಹೋಗಿ ನೋಡಬೇಕು.

ಆದುದರಿಂದ ನಮಗೆ ಬೇಕಾದದ್ದು ದೂರದ ನಕಾಶೆಯಲ್ಲ, ಕಾಲದ ನಕಾಶೆ. ಒಂದು ಜಾಗದಿಂದ 5 ನಿಮಿಷದಲ್ಲಿ ತಲಪಬಹುದಾದ ಬಿಂದುಗಳನ್ನೆಲ್ಲ ಒಂದು ಗೆರೆಯಿಂದಲೂ 10 ನಿಮಿಷದವನ್ನು ಇನ್ನೊಂದರಿಂದಲೂ ಸೇರಿಸಿದರೆ ಸಮಕಾಲ ರೇಖೆಗಳು ದೊರೆಯುತ್ತವೆ. ಲಂಡನ್ನಿನಿಂದ ಲೋಕದ ಯಾವ ಮೂಲೆಗೆ ಎಷ್ಟು ದಿನದ ಪಯಣವೆಂದು ತೋರಿಸುವ ಇಂತಹ ನಕಾಶೆಯನ್ನು ಫ್ರಾನ್ಸಿಸ್ ಗಾಲ್ಟನ್ 1881ರಲ್ಲಿಯೇ ಪ್ರಕಟಿಸಿದ್ದನು. ಇಂದು ನಮ್ಮ ಕಿಸೆಯಲ್ಲಿರುವ ಫೋನು ಇದಕ್ಕೆ ಬೇಕಾದ ಕಾಲವನ್ನೆಲ್ಲ ಅಳೆಯಬಲ್ಲುದು. ಆದರೆ ಬಿಡುವಿನ ಭಾನುವಾರ ಬೆಳಗ್ಗೆ ಅಳೆದ ಕಾಲಕ್ಕೆ ಬೆಲೆಯಿಲ್ಲ. ಸಂಜೆ ನಾಲ್ಕೂವರೆಗೆ, ಶಾಲೆ ಬಿಟ್ಟ ಹೊತ್ತಿಗೆ, ಮಳೆ ಹೊಯ್ಯುತ್ತಿರುವಾಗ, ತುಂಬಿದ ವಾಹನವನ್ನೇ ಓಡಿಸಿ ಅಳೆಯಬೇಕು.

ಕಾಗದದ ಲೆಕ್ಕವನ್ನೇ ನಂಬಿದವರ ಪಾಡಿಗೆ ನ್ಯೂಯಾರ್ಕ್ ನಗರ ಸಾಕ್ಷಿ. ಅಲ್ಲಿ ಅಗ್ನಿಶಾಮಕ ಸೇವೆಯನ್ನು ಕುರಿತು ಗಣಿತಜ್ಞರು 1970ರ ಸುಮಾರಿಗೆ ಆಳವಾದ ಅಧ್ಯಯನ ನಡೆಸಿದರು. ವಾಹನದ ಸರಾಸರಿ ದೂರವು, ಒಂದು ಪ್ರದೇಶದ ವಿಸ್ತೀರ್ಣವನ್ನು ಅಲ್ಲಿ ಸಿದ್ಧವಾಗಿರುವ ವಾಹನಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವುದರ ವರ್ಗಮೂಲಕ್ಕೆ ಅನುಪಾತದಲ್ಲಿದೆಯೆಂದು ಕೊಲೆಸಾರ್ ಮತ್ತು ಬ್ಲಮ್ 1973ರಲ್ಲಿ ತೋರಿಸಿದರು. ಸೊಗಸಾದ ನಿಯಮವಿದು. ಆದರೆ ಅದೇ ವರ್ಷಗಳಲ್ಲಿ ಇಂತಹ ಲೆಕ್ಕಗಳ ಆಧಾರದ ಮೇಲೆ ಕೆಲವು ಠಾಣೆಗಳನ್ನು ಮುಚ್ಚಲಾಯಿತು. ಬೆಂಕಿಯ ಹಾವಳಿ ಹೆಚ್ಚಿದ್ದ ಬಡವರ ಬಡಾವಣೆಗಳ ಠಾಣೆಗಳೂ ಅವುಗಳಲ್ಲಿ ಸೇರಿದ್ದುವು. ರಸ್ತೆಯ ದಟ್ಟಣೆಯನ್ನೂ ಒಂದೇ ಹೊತ್ತಿಗೆ ಹಲವು ಕರೆಗಳು ಬರುವುದನ್ನೂ ಆ ಲೆಕ್ಕಗಳು ತಕ್ಕಷ್ಟು ಗಮನಿಸಲಿಲ್ಲವೆಂಬ ಕಟುಟೀಕೆ ಇಂದಿಗೂ ನಿಂತಿಲ್ಲ. ತಪ್ಪು ವರ್ಗಮೂಲದ್ದಲ್ಲ.

ಆ ವರ್ಗಮೂಲದಿಂದಲೇ ನಮಗೊಂದು ಉಪಕಾರವೂ ಉಂಟು. ಬಿಡಾರವೆಂದರೆ ಎಲ್ಲ ವಾಹನಗಳಿಗೂ ಸೇರಿ ಒಂದೇ ಜಾಗವಾಗಿರಬೇಕೆಂದು ಏಕೆ ಹಟ? ಎರಡು ವಾಹನಗಳನ್ನು ಎರಡು ಕಡೆ ಇರಿಸಿದರೆ ಮೊದಲ ವಾಹನ ತಲಪುವ ಸರಾಸರಿ ದೂರ ಸುಮಾರು ಹತ್ತರಲ್ಲಿ ಮೂರು ಪಾಲು ಇಳಿಯುತ್ತದೆ. ದೊಡ್ಡ ಸರಕಾರಿ ಮೈದಾನ ಒಂದು ಸಿಗದಿರಬಹುದು. ವಾಹನವೊಂದಕ್ಕೆ ಮಾಡು, ಆರೇಳು ಮಂದಿಗೆ ಕೋಣೆ, ಅಗಲವಾದ ರಸ್ತೆಗೆ ತೆರೆಯುವ ಬಾಗಿಲು, ನೀರು, ಇಷ್ಟನ್ನು ಹೊಂದಿಸಲು ಬಯಲೇ ಬೇಕೆಂದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಸಹಾಯಕ ಅಗ್ನಿಶಾಮಕ ದಳವು ಮಕ್ಕಳು ಬಿಟ್ಟುಹೋದ ಶಾಲೆಗಳಲ್ಲಿಯೂ ಮೋಟಾರು ಗ್ಯಾರೇಜುಗಳಲ್ಲಿಯೂ ಠಾಣೆಗಳನ್ನು ಹೂಡಿ, ಬಾಡಿಗೆಯ ಟ್ಯಾಕ್ಸಿಗಳ ಹಿಂದೆ ಪಂಪುಗಳನ್ನು ಕಟ್ಟಿಕೊಂಡು ಹೋಗುತ್ತಿತ್ತು. ನಮ್ಮ ಊರಿಗೆ ಈ ಮಾತನ್ನು ಅನ್ವಯಿಸುವುದಾದರೆ, ಕಲ್ಸಂಕದ ಪಡುವಣಕ್ಕೆ, ಬನ್ನಂಜೆಯ ನೆರೆ ಬಾರದ ಎತ್ತರದ ಜಾಗದಲ್ಲಿ, 66ನೆಯ ಹೆದ್ದಾರಿಗೆ ಸಮೀಪವಾಗಿ ಒಂದು. ಇಂದ್ರಾಳಿಯ ಮೂಡಣಕ್ಕೆ, ಮಣಿಪಾಲದ ಗುಡ್ಡದ ಮೇಲೆ ಒಂದು. ಆಗ ಕಲ್ಸಂಕ ಕಟ್ಟಿಕೊಂಡರೂ ಊರಿನ ಯಾವ ಪಾಲೂ ಪೂರಾ ಅನಾಥವಾಗದು; ಪರ್ಕಳದ ಆಚೆಯ ಹುಡುಗಿಗೂ ಉತ್ತರ ಸಿಕ್ಕಂತಾಗುತ್ತದೆ.

ಇದಕ್ಕೆ ಎದುರು ಮಾತು ಇಲ್ಲದಿಲ್ಲ. ಒಡೆದ ಪಡೆ ದುರ್ಬಲ; ದೊಡ್ಡ ಬೆಂಕಿಗೆ ಎರಡೂ ವಾಹನಗಳು ಸೇರಲು ತಡವಾಗುತ್ತದೆ; ಮೇಲ್ವಿಚಾರಣೆ ಕಷ್ಟ; ಖರ್ಚೂ ಎರಡು ಕಡೆಯದು. ಇವೆಲ್ಲ ನಿಜ. ಕಾರ್ಕಳವಾಗಲಿ ಕುಂದಾಪುರವಾಗಲಿ 30 ಕಿಲೋಮೀಟರಿಗೂ ಆಚೆ ಇರುವುದರಿಂದ ಅಲ್ಲಿಯ ಠಾಣೆಗಳಿಂದ ನೆರವು ಬರಲೂ ಹೊತ್ತು ಹಿಡಿಯುತ್ತದೆ. ಆದರೆ ಹೆಚ್ಚಿನ ಬೆಂಕಿಗಳು ಮೊದಲು ಚಿಕ್ಕವೇ ಆಗಿರುತ್ತವೆ, ಮತ್ತು ಚಿಕ್ಕದಾಗಿರುವಾಗಲೇ ಒಬ್ಬರು ತಲಪುವುದು ದೊಡ್ಡದಾದ ಮೇಲೆ ಇಬ್ಬರು ತಲಪುವುದಕ್ಕಿಂತ ಮೇಲು. ಕಾಲವರ್ಗದ ನಿಯಮ ನನ್ನ ಕಡೆಗಿದೆಯೆಂದು ನಾನು ನಂಬುತ್ತೇನೆ.

ಸಿಬ್ಬಂದಿಯ ವಸತಿಯನ್ನು ಈ ಚರ್ಚೆಗಳಲ್ಲಿ ಯಾರೂ ಎತ್ತುವುದಿಲ್ಲ. ಕರೆಗಂಟೆ ಬಾರಿಸಿದ ಮೇಲೆ ವಾಹನ ಬಾಗಿಲು ದಾಟುವವರೆಗಿನ ಕಾಲಕ್ಕೆ ಅಮೆರಿಕದ ಮಾನದಂಡವೊಂದು 80 ಸೆಕೆಂಡುಗಳ ಮಿತಿಯನ್ನು ಹಾಕಿದೆ. ಈ ಸೆಕೆಂಡುಗಳನ್ನು ಉಳಿಸುವುದಕ್ಕೆಂದೇ ಷಿಕಾಗೋ ನಗರದ ಡೇವಿಡ್ ಕೆನ್ಯನನು 1878ರಲ್ಲಿ ಮಹಡಿಯಿಂದ ಜಾರಿ ಇಳಿಯುವ ಕಂಬವನ್ನು ಬಳಕೆಗೆ ತಂದನು. ಮೆಟ್ಟಿಲಿಳಿಯುವ ಹೊತ್ತನ್ನು ಕೂಡ ಉಳಿಸಬೇಕೆಂದು ಕಂಬ ನೆಟ್ಟವರೆಲ್ಲಿ, ವಾಹನ ಒಂದು ಕಡೆ, ಮಲಗುವ ಮನೆ ಇನ್ನೊಂದು ಕಡೆ ಎಂದು ಬಿಡಾರ ಹೂಡುವವರೆಲ್ಲಿ! ನೀರಿನ ತೊಟ್ಟಿಯ ಮಾತೂ ಹಾಗೆಯೇ. ನಿಮಿಷಕ್ಕೆ 60 ಲೀಟರ್ ಎತ್ತುವ ಪಂಪು 4,500 ಲೀಟರಿನ ವಾಹನವನ್ನು ತುಂಬಲು 75 ನಿಮಿಷ ಬೇಕು. ಅದೇ ನೀರನ್ನು ಮೊದಲೇ 5 ಮೀಟರ್ ಎತ್ತರದ ತೊಟ್ಟಿಗೆ ಏರಿಸಿಟ್ಟು 10 ಸೆಂಟಿಮೀಟರ್ ವ್ಯಾಸದ ಕೊಳವೆಯಿಂದ ಬಿಟ್ಟರೆ, ಟಾರಿಚೆಲ್ಲಿಯ ಸೂತ್ರದಂತೆ ಒಂದೇ ನಿಮಿಷ. ಕೊಳವೆಯ ಘರ್ಷಣೆಯನ್ನು ಕಳೆದರೂ ಎರಡು ಮೂರು ನಿಮಿಷ. ತಾತ್ಕಾಲಿಕವೆಂದು ಈ ತೊಟ್ಟಿಯ ಖರ್ಚನ್ನು ಉಳಿಸುವುದು ಉಳಿತಾಯವಲ್ಲ.

‘ತಾತ್ಕಾಲಿಕ’ ಎಂಬ ಪದದ ಮೇಲೆಯೂ ನನಗೆ ಸ್ವಲ್ಪ ಸಂಶಯ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದಾಗ ರಾಜಪರಿವಾರವು ಜಗನ್ಮೋಹನ ಅರಮನೆಗೆ ಬಿಡಾರ ಬದಲಿಸಿತು. ಹೊಸ ಅರಮನೆ ಮುಗಿದದ್ದು 1912ರಲ್ಲಿ. ನಡುವೆ 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಅಧಿಕಾರ ಸ್ವೀಕಾರವೂ ಆ ಬಿಡಾರದಲ್ಲಿಯೇ ನಡೆಯಿತು. ಅರಸರಿಗೇ ಹದಿನೈದು ವರ್ಷ ಹಿಡಿಯಿತು. ಗುತ್ತಿಗೆಯವರು ಬದಲಾಗುವ, ಬಿಲ್ಲು ತಡೆಯುವ, ಮಳೆಗಾಲದಲ್ಲಿ ಕೆಲಸ ನಿಲ್ಲುವ ನಮ್ಮ ಕಾಲದಲ್ಲಿ ಎರಡು ವರ್ಷದ ಬಿಡಾರ ಎಷ್ಟಕ್ಕೆ ಹಿಗ್ಗೀತೋ! ಆದುದರಿಂದ ಬಿಡಾರದ ಜಾಗವನ್ನು ಆರಿಸುವಾಗ, ಅಲ್ಲಿ ಹತ್ತು ವರ್ಷ ಇರಬೇಕಾಗಿ ಬಂದರೂ ಊರಿಗೆ ಕೇಡಾಗದೆಂದು ನೋಡಿಕೊಳ್ಳಬೇಕು. ಹಿಂದಿರುಗುವ ದಿನವನ್ನೂ ಸಮಕಾಲ ನಕಾಶೆಯನ್ನೂ ಠಾಣೆಯ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ತೂಗಹಾಕಬೇಕು.

ನಮ್ಮ ಹಲಗೆ ಇನ್ನೂ ಪ್ರಯೋಗಶಾಲೆಯ ಗೋಡೆಗೊರಗಿ ನಿಂತಿದೆ. ಆ ಹುಡುಗಿ ಹೋಗುವ ಮುನ್ನ ರಥಬೀದಿಯ ದೊಡ್ಡ ಬೊಟ್ಟನ್ನು ಬಿಚ್ಚಿ ಎರಡು ಪಾಲು ಮಾಡಿ, ಒಂದನ್ನು ಪರ್ಕಳದ ದಾರಕ್ಕೆ ಕಟ್ಟಿಹೋಗಿದ್ದಾಳೆ. ಗಂಟು ಈಗ ಇಂದ್ರಾಳಿಯ ಹತ್ತಿರ, ರೈಲು ಹಳಿಯ ಸರಿಯಾಗಿ ಮೇಲೆ ನಿಂತಿದೆ.